‘ದೊಡ್ಡಪ್ಪಗ ಹೇಳು’ ಅನ್ನುವ ಅವ್ವ

ನಮ್ಮ ಅವ್ವ ಮೂಗಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಮನೆಗೆ ಹೊಸದಾಗಿ ಬಂದವರು ಒಮ್ಮೆಯಾದರೂ ಹಾಗೆಂದುಕೊಂಡಿದ್ದಾರೆ. ಸುರಪುರದ ಹತ್ತಿರದ ನಮ್ಮೂರ ಹೊಲದಲ್ಲಿ ಅಮೃತಮ್ಮ ಹತ್ತಿ ಬಿಡಿಸಲು ನಿಂತಳೆಂದರೆ ಅವಳ ಮಾತು ಪಕ್ಕದ ಹೊಲ ದಾಟಿ ಕೇಳಿಸುತ್ತದೆ. ಹಾಲು ಕುಡಿದ ಬೆಕ್ಕಿಗೆ ಅವಳು ಬೈಯುವುದನ್ನು ಕೇಳಲು ಓಣಿಯ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಾರೆ. ಆದರೆ ಪಡಸಾಲೆಯಲ್ಲಿ ದೊಡ್ಡಪ್ಪನ ಕೆಮ್ಮು ಕೇಳಿಸಿತೋ, ಮುಗಿಯಿತು. ಬಾಯಿಗೆ ಬೀಗ, ತಲೆಗೆ ಸೆರಗು.

ದೊಡ್ಡಪ್ಪ ಎಂದರೆ ನಮ್ಮಪ್ಪನ ಅಣ್ಣ ಬಸವಂತ್ರಾಯ, ಅವ್ವನಿಗೆ ಭಾವ. ಭಾವನ ಎದುರು ತಮ್ಮನ ಹೆಂಡತಿ ಕೂಡಬಾರದು, ಬರಿದಲೆಯಲ್ಲಿ ಸುಳಿಯಬಾರದು, ಮಾತಂತೂ ಆಡಲೇಬಾರದು. ಹೀಗೆಂದು ಹೇಳಿದವರು ಯಾರು ಎಂದು ಅವ್ವನನ್ನು ಕೇಳಿದರೆ, "ಯಾರು ಹೇಳಬೇಕು? ಅದು ಹಾಂಗ ಅದ" ಎನ್ನುತ್ತಾಳೆ. ಊರಿನ ಉಳಿದ ಮನೆಗಳಲ್ಲಿ ಈ ರೂಢಿ ಎಂದೋ ಸಡಿಲಾಯಿತು. ಭಾವನ ಜೊತೆ ಕೂತು ಟಿವಿ ನೋಡುವ ಸೊಸೆಯಂದಿರು ನಮ್ಮ ಓಣಿಯಲ್ಲೇ ಇದ್ದಾರೆ. ನಮ್ಮ ಮನೆಯಲ್ಲಿ ಮಾತ್ರ ಅದು ಸಿಮೆಂಟು ಹಾಕಿದ ಹಾಗೆ ಗಟ್ಟಿಯಾಗಿ ಕೂತಿದೆ.

ಇದರ ಭಾರವೆಲ್ಲ ಬಿದ್ದದ್ದು ನನ್ನ ಮೇಲೆ. ಅಡುಗೆಮನೆಗೂ ಪಡಸಾಲೆಗೂ ನಡುವೆ ಒಂದು ಮಣ್ಣಿನ ಗೋಡೆ. ಆ ಕಡೆ ಒಲೆಯ ಮುಂದೆ ಅವ್ವ, ಈ ಕಡೆ ಹೊರಸಿನ ಮೇಲೆ ದೊಡ್ಡಪ್ಪ. ಅವ್ವ ದನಿ ಎತ್ತರಿಸಿ ಹೇಳುತ್ತಿದ್ದಳು: "ಚಂದ್ರಕಲಾ, ದೊಡ್ಡಪ್ಪಗ ಹೇಳು, ರೊಟ್ಟಿ ಆಗ್ಯಾವ ಅಂತ." ದೊಡ್ಡಪ್ಪನಿಗೆ ಅದು ಗಂಟೆ ಹೊಡೆದಂತೆ ಕೇಳಿಸಿರುತ್ತಿತ್ತು. ಆದರೂ ಅವರು ಕೇಳಿಸದವರಂತೆ ಗೋಡೆ ನೋಡುತ್ತ ಕೂತಿರುತ್ತಿದ್ದರು. ನಾನು ಆಟ ಬಿಟ್ಟು ಓಡಿಬಂದು, "ದೊಡ್ಡಪ್ಪ, ರೊಟ್ಟಿ ಆಗ್ಯಾವಂತ" ಎಂದ ಮೇಲೆಯೇ ಅವರು ಕಣ್ಣು ಹೊರಳಿಸುತ್ತಿದ್ದರು. "ಹೌದಾ? ನಿಮ್ಮವ್ವಗ ಹೇಳು, ಬಂದೆ ಅಂತ." ಮತ್ತೆ ನಾನು ಒಳಗೆ. ಅಂಚೆಯವನಿಗಾದರೂ ಭಾನುವಾರ ರಜೆ ಇರುತ್ತದೆ.

ದೊಡ್ಡಮ್ಮ ಹೊಲಕ್ಕೂ ನಾವು ಮಕ್ಕಳು ಶಾಲೆಗೂ ಹೋದಾಗ ಅವ್ವ ಆ ಸುದ್ದಿಯನ್ನು ಹಿತ್ತಲಿನ ಎಮ್ಮೆಗೆ ಹೇಳುತ್ತಿದ್ದಳು. "ಏ ಎಮ್ಮಿ, ಯಾರಿಗರ ಹಸಿವಾಗಿದ್ರ ರೊಟ್ಟಿ ಆಗ್ಯಾವ ನೋಡು." ದೊಡ್ಡಪ್ಪ ಎದ್ದು ಕೈ ತೊಳೆದು ಬರುತ್ತಿದ್ದರು. ಇದು ಕಟ್ಟಿ ಹೇಳಿದ ಮಾತಲ್ಲ, ನಾನೇ ಜ್ವರ ಬಂದು ಮಲಗಿದ್ದ ದಿನ ಕಿವಿಯಾರೆ ಕೇಳಿದ್ದೇನೆ.

ಅಪ್ಪ ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ಆಮೇಲೆ ನನ್ನನ್ನೂ ನನ್ನ ತಮ್ಮ ದೇವೂನನ್ನೂ ಓದಿಸಿದ್ದು ದೊಡ್ಡಪ್ಪನೇ. ಹುಡುಗಿಗೆ ಮಾಸ್ತರಕಿ ಓದು ಯಾಕೆ ಎಂದ ನೆಂಟರನ್ನು ಹೊಸ್ತಿಲಿನಿಂದಲೇ ವಾಪಸು ಕಳಿಸಿದ್ದೂ ಅವರೇ. ನಾನು ಇಂದು ಶಹಾಪುರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿರುವುದು ಆ ಮನುಷ್ಯನಿಂದ. ಕೆಲವು ವರ್ಷಗಳ ಹಿಂದೆ ದೊಡ್ಡಮ್ಮ ಶಿವಬಸಮ್ಮನೂ ಹೋದಳು. ಇನ್ನಾದರೂ ಈ ಇಬ್ಬರು ಮಾತಾಡಿಕೊಂಡಾರು ಎಂದುಕೊಂಡಿದ್ದೆ. ಆದದ್ದು ತಿರುಗುಮುರುಗು. ಗಂಡನಿಲ್ಲದವಳು, ಹೆಂಡತಿಯಿಲ್ಲದವನು, ಒಂದೇ ಸೂರು. ಊರಿನ ಬಾಯಿಗೆ ಸಿಕ್ಕುವುದು ಬೇಡವೆಂದು ಅವ್ವ ಸೆರಗನ್ನು ಇನ್ನೂ ನಾಲ್ಕು ಬೆರಳು ಮುಂದಕ್ಕೆ ಎಳೆದುಕೊಂಡಳು. ನನ್ನ ಮದುವೆಯಾದ ಮೇಲೆ ಸುದ್ದಿ ಸಾಗಿಸುವ ಕೆಲಸ ದೇವೂನ ಪಾಲಿಗೆ ಬಂತು, ಅವನಿಂದ ಅವನ ಹೆಂಡತಿ ಸಪ್ನಾಳಿಗೆ ಹೋಯಿತು.

ಹೋದ ವರ್ಷ ಸುಗ್ಗಿ ಮುಗಿದ ಹೊತ್ತಿಗೆ ಒಂದು ಬೆಳಿಗ್ಗೆ ದೊಡ್ಡಪ್ಪ ನನಗೆ ಫೋನು ಮಾಡಿದರು. ಅವರು ಫೋನು ಮಾಡುವುದೇ ಅಪರೂಪ.

"ಚಂದ್ರಕಲಾ, ನಿಮ್ಮವ್ವನ ನಾಲಿಗಿ ತೊದಲಾಕತ್ತದ."

"ನಿಮಗ ಹ್ಯಾಂಗ ಗೊತ್ತು ದೊಡ್ಡಪ್ಪ? ಅಕಿ ನಿಮ್ಮ ಕೂಡ ಮಾತಾಡಂಗಿಲ್ಲಲ್ಲ!"

"ಸಪ್ನಾಗ ಹೇಳಾಕತ್ತಿದ್ಲು, ರೊಟ್ಟಿ ಆಗ್ಯಾವ ಅಂತ. ದಿನಾ ಕೇಳ್ತೀನಿ ನಾ. ಇವತ್ತು ಆ ಮಾತು ಸರಿ ಬರಲಿಲ್ಲ. ನೀ ಬಾ."

ನಾನು ರಜೆ ಹಾಕಿ ಓಡಿದೆ. ಹೋಗಿ ನೋಡಿದರೆ ಅವ್ವ ನೆಟ್ಟಗೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು, ಮಾತೂ ಸರಿಯಾಗಿತ್ತು. ರೊಟ್ಟಿ ಬಡಿಯುವಾಗ ಬಲಗೈ ಸೋತು ಹಿಟ್ಟಿನ ಮೇಲೆ ಬಿದ್ದದ್ದು ನಿಜ, ಸ್ವಲ್ಪ ಹೊತ್ತು ನಾಲಿಗೆ ದಪ್ಪಗಾದದ್ದೂ ನಿಜ. "ವಾಯು ಹಿಡಕೊಂಡಿತ್ತು, ಬಿಟ್ಟದ" ಎಂದಳು. ಪಕ್ಕದ ಮನೆಯ ಸಾಯಬಮ್ಮ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದ್ದಳು. ನನಗೆ ಪಿತ್ತ ನೆತ್ತಿಗೇರಿತು. ಸಕ್ಕರೆ ಕಾಯಿಲೆ ಇರುವ ಹೆಂಗಸು, ಗುಳಿಗೆಯನ್ನು ಮನಸ್ಸು ಬಂದಾಗ ನುಂಗುವವಳು, ಇವಳಿಗೆ ವಾಯುವಂತೆ.

ಹದಿನೈದು ದಿನದೊಳಗೆ ಮತ್ತೆ ಹಾಗೇ ಆಯಿತು. ಈ ಸಲ ನಾನು ಯಾರ ಮಾತನ್ನೂ ಕೇಳದೆ ಅವಳನ್ನು ಯಾದಗಿರಿಗೆ ಎಳೆದುಕೊಂಡು ಹೋದೆ. ಅಲ್ಲಿ ಭಾನುವಾರಕ್ಕೊಮ್ಮೆ ಬರುವ ಮಿದುಳಿನ ವೈದ್ಯೆ ಯಶೋಧರಾ ಎಂಬವರಿದ್ದರು. ವಡಗೇರಾ ಕಡೆಯ ಹೆಣ್ಣುಮಗಳು, ಮಾತು ನಮ್ಮದೇ, ಸಿಟ್ಟೂ ಹೆಚ್ಚುಕಡಿಮೆ ನಮ್ಮದೇ. ದೊಡ್ಡಪ್ಪನೂ ಬಂದಿದ್ದರು. ಮನೆಯ ಹಿರಿಯ ಬಾರದೆ ದವಾಖಾನೆಗೆ ಹೋಗುವುದು ನಮ್ಮಲ್ಲಿ ಇಲ್ಲ.

"ಮಾತು ತೊದಲಿದ್ದು ಮೊದಲ ಯಾರಿಗೆ ಗೊತ್ತಾತು?" ವೈದ್ಯೆ ಕೇಳಿದರು.

"ನಂಗ್ರಿ," ಎಂದರು ದೊಡ್ಡಪ್ಪ, ಬಾಗಿಲ ಬಳಿಯಿಂದ.

"ನೀವು ಇವರ ಯಜಮಾನ್ರಾ?"

ದೊಡ್ಡಪ್ಪ ತಟ್ಟನೆ ಹೊರಗೆ ನಡೆದುಬಿಟ್ಟರು. ಅವ್ವನ ಸೆರಗು ಮೂಗಿನ ತನಕ ಇಳಿಯಿತು. ಭಾವ ಎಂದು ನಾನು ವಿವರಿಸಬೇಕಾಯಿತು. ವೈದ್ಯೆಗೆ ನಗು ಬಂದದ್ದು ಕಂಡಿತು, ಆದರೆ ಅವರು ನಗಲಿಲ್ಲ.

ಮೊದಲು ಸಾದಾ ಸ್ಕ್ಯಾನು ಆಯಿತು. ಆ ದಿನ ಒಳಗೆ ಅವ್ವನೂ ಹೊರಗೆ ನಾನೂ ಇಬ್ಬರೇ, ದೊಡ್ಡಪ್ಪ ಔಷಧಿ ಅಂಗಡಿಯಲ್ಲಿ ನಿಂತಿದ್ದರು. ಏನೂ ತಕರಾರಿಲ್ಲದೆ ಮುಗಿಯಿತು. ಯಶೋಧರಾ ಪರದೆಯ ಮೇಲೆ ತೋರಿಸಿದರು. ಮಿದುಳಿನ ಎಡಭಾಗದಲ್ಲಿ ಒಂದು ರಕ್ತನಾಳ, ನಡುವೆ ಹಿಂಡಿದ ಹಾಗೆ ಸಣ್ಣಗಾಗಿದೆ. ಬಲಗೈಗೂ ಮಾತಿಗೂ ರಕ್ತ ಒಯ್ಯುವ ನಾಳ ಅದೇ.

"ಇದು ಪೂರಾ ಮುಚ್ಚಿತಂದ್ರ ಅಮ್ಮಾರ ಮಾತು ಹೋಗ್ತದ," ಎಂದರು. "ಬಾಯಿ ಇರತದ, ಮಾತು ಇರಂಗಿಲ್ಲ."

"ಹಂಗಾದ್ರ ಗುಳಿಗಿ ಬರೀರಿ ಮೇಡಂ."

"ಯಾವ ಗುಳಿಗಿ ಬರೀಲಿ? ಈ ಸ್ಕ್ಯಾನಿನಾಗ ರಕ್ತ ಹರಿಯೂದು ಅಷ್ಟ ಕಾಣ್ತದ. ದಾರಿ ಸಣ್ಣದಾಗ್ಯಾದ ಅಂತ ಗೊತ್ತಾತು. ಯಾಕ ಸಣ್ಣದಾತು ಅನ್ನೂದು ನಾಳದ ಗ್ವಾಡ್ಯಾಗ ಅದ. ಗ್ವಾಡಿಗೆ ಕೊಬ್ಬು ಹತ್ತಿರಬಹುದು, ಇಲ್ಲಾ ಗ್ವಾಡಿಗೇ ಬಾವು ಬಂದಿರಬಹುದು. ಕೊಬ್ಬು ಆಗಿದ್ರ ರಕ್ತ ತೆಳ್ಳಗ ಮಾಡೂ ಗುಳಿಗಿ. ಬಾವು ಆಗಿದ್ರ ಬಾವು ಇಳಿಸೂ ಗುಳಿಗಿ, ಅದು ಭಾಳ ಜೋರು. ನಿಮ್ಮವ್ವನ ಸಕ್ಕರಿ ಆಕಾಶಕ್ಕ ಹೋಗ್ತದ. ಅಂದಾಜಿನ ಮ್ಯಾಲ ಅದನ್ನ ನಾ ಕೊಡಂಗಿಲ್ಲ."

ನಾಳದ ಗೋಡೆಯನ್ನೇ ತೋರಿಸುವ ಬೇರೊಂದು ಎಂಆರ್‌ಐ ಇದೆಯಂತೆ. ಅದರಲ್ಲಿ ಹರಿಯುವ ರಕ್ತವನ್ನು ಕಪ್ಪು ಮಾಡಿಬಿಡುತ್ತಾರೆ. ಆಗ ಗೋಡೆ ಬೆಳ್ಳಗೆ ಉಂಗುರದ ಹಾಗೆ ಕಾಣುತ್ತದೆ. ಯಾದಗಿರಿಯಲ್ಲೇ ಒಂದು ಸ್ಕ್ಯಾನಿಂಗ್ ಸೆಂಟರಿನ ಹೊಸ ಯಂತ್ರದಲ್ಲಿ ಅದನ್ನು ತೆಗೆಯುತ್ತಿದ್ದರು. ಒಂದೇ ಷರತ್ತು: ಅರ್ಧ ಗಂಟೆಗೂ ಹೆಚ್ಚು ಹೊತ್ತು ತಲೆ ಅಲುಗಬಾರದು. ಆ ಗೋಡೆ ಹೊಲಿಗೆಯ ದಾರಕ್ಕಿಂತ ದಪ್ಪವಿಲ್ಲ. ಗದ್ದ ಒಂಚೂರು ಸರಿದರೂ ಚಿತ್ರವೆಲ್ಲ ಕದಡಿದ ನೀರು.

"ಅಷ್ಟ ತಾನ? ನಮ್ಮವ್ವ ಕಲ್ಲಿನಂಗ ಮಲಗ್ತಾಳ್ರಿ," ಎಂದೆ. ನಾನೇ ಹೇಳಿದ್ದು, ನನ್ನ ಬಾಯಿಂದಲೇ.

ಮುಂದಿನ ಭಾನುವಾರ ಅವರಿಬ್ಬರೂ ಸುರಪುರದಿಂದ ಬಂದ ಬಸ್ಸಿಗೆ ನಾನು ಶಹಾಪುರದಲ್ಲಿ ಹತ್ತಿದೆ. ಕಂಡಕ್ಟರನ ಪಕ್ಕದ ಸೀಟಿನಲ್ಲಿ ದೊಡ್ಡಪ್ಪ, ಕೊನೆಯ ಸೀಟಿನಲ್ಲಿ ಅವ್ವ. ನಡುವೆ ಇಡೀ ಬಸ್ಸು. ಊರು ದಾಟುವಾಗ ಕಿಟಕಿಯಲ್ಲಿ ಬುದ್ಧ ಮಲಗಿದ ಹಾಗೆ ಕಾಣುವ ನಮ್ಮ ಬೆಟ್ಟವನ್ನು ಅವ್ವನಿಗೆ ತೋರಿಸಿದೆ.

"ನೋಡವ್ವ, ಹಾಂಗ ಮಲಗಬೇಕು. ಏನ ಆಗ್ಲಿ, ಅಲುಗಾಡಬಾರದು."

"ಹೂಂ," ಎಂದಳು.

ಪ್ರತಿ ಸ್ಟಾಪಿನಲ್ಲೂ ದೊಡ್ಡಪ್ಪ ಹಿಂದೆ ತಿರುಗಿ ಬಸ್ಸಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. "ಚಂದ್ರಕಲಾ, ನಿಮ್ಮವ್ವಗ ಕೇಳು, ನೀರು ಬೇಕೇನು ಅಂತ." ಅವ್ವ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು: ಬ್ಯಾಡಂತ ಹೇಳು. ನಾನು ಕೂಗಿ ಹೇಳುತ್ತಿದ್ದೆ. ಭೀಮಾ ನದಿ ದಾಟುವ ಹೊತ್ತಿಗೆ ಬಸ್ಸಿನ ಅರ್ಧ ಜನ ನಮ್ಮ ಕಡೆ ತಿರುಗಿ ಕೂತಿದ್ದರು, ನನ್ನ ಗಂಟಲು ಕಟ್ಟಿತ್ತು.

ಸ್ಕ್ಯಾನು ತೆಗೆಯುವವನ ಹೆಸರು ಅಮೀನುದ್ದೀನ. ನಡುವಯಸ್ಸಿನ ಸಂಭಾವಿತ, ಎಲ್ಲರನ್ನೂ ಬರ್ರಿ ಕುಂಡ್ರಿ ಎನ್ನುವವನು. ಅವ್ವನ ಕಿವಿಯೋಲೆ, ಸೀರೆಯ ಪಿನ್ನು ಎಲ್ಲ ತೆಗೆಸಿ ನೀಲಿ ಅಂಗಿ ಹಾಕಿಸಿದರು. ಸೀರೆಯಿಲ್ಲದ ಅವ್ವನನ್ನು ನಾನು ನೋಡಿದ್ದೇ ಇಲ್ಲ. ಅವಳು ಅರ್ಧಕ್ಕೆ ಇಳಿದವಳ ಹಾಗೆ ಕಂಡಳು. ಹೊದೆಯಲು ಒಂದು ಬಿಳಿ ಚಾದರ ಕೊಟ್ಟರು, ಅದನ್ನು ಎದೆಗೆ ಅವುಚಿಕೊಂಡೇ ಒಳಗೆ ನಡೆದಳು. ತಲೆಯ ಸುತ್ತ ಪಂಜರದಂಥದ್ದು ಕೂಡಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಯಂತ್ರದೊಳಗೆ ತಳ್ಳಿದರು.

ಈಚೆ ಕೋಣೆಯಲ್ಲಿ ಗಾಜಿನ ಕಿಟಕಿ, ಅದರ ಮುಂದೆ ಪರದೆ ಮತ್ತು ಮೈಕು. ನಾವು ಅಮೀನುದ್ದೀನನ ಹಿಂದೆ ನಿಂತೆವು. ಯಂತ್ರ ಟಕಟಕ ಶುರುಮಾಡಿತು. ದೊಡ್ಡಪ್ಪ ಕಿಟಕಿಗೆ ಬೆನ್ನು ಮಾಡಿ ನಿಂತಿದ್ದರು, ಮರ್ಯಾದೆಯ ಮನುಷ್ಯ. ಮೊದಲ ಚಿತ್ರ ಬಂತು.

"ಚಲೋ ಬಂದದ," ಎಂದ ಅಮೀನುದ್ದೀನ. "ಆದ್ರ ಅಮ್ಮಾರು ಜರಾ ಹೆದರ್ಯಾರ, ಉಸರು ಭಾಳ ಜೋರದ. ಕಾಕಾ, ನೀವು ಮನಿ ಹಿರೇರು. ಮೈಕಿನ್ಯಾಗ ಎರಡ ಮಾತು ಧೈರ್ಯ ಹೇಳ್ರಿ. ಮನಿಯವರ ದನಿ ಕೇಳಿದ್ರ ಸಮಾಧಾನ ಆಗ್ತದ."

"ಹೇಳ್ರಿ ದೊಡ್ಡಪ್ಪ," ಎಂದೆ ನಾನೂ. ಮನೆಯ ಹಿರಿಯ ಹೇಳಿದರೆ ಕೇಳದವರುಂಟೇ?

ದೊಡ್ಡಪ್ಪ ಟೋಪಿ ಸರಿಮಾಡಿಕೊಂಡು, ಮೈಕಿಗೆ ಬಾಯಿ ಹಚ್ಚಿ, ಹೊಲದಿಂದ ಹೊಲಕ್ಕೆ ಕೂಗುವ ದನಿಯಲ್ಲಿ ಹೇಳಿದರು:

"ಚಂದ್ರಕಲಾ, ನಿಮ್ಮವ್ವಗ ಹೇಳು, ಹೆದರಬ್ಯಾಡ ಅಂತ."

ನಾನು ಅವರ ಮೊಣಕೈಗೆ ತಾಗಿ ನಿಂತಿದ್ದೆ. ಅಮೀನುದ್ದೀನ ನನ್ನ ಮುಖ ನೋಡಿದ, ಅವರ ಮುಖ ನೋಡಿದ. "ಕಾಕಾ, ಅಮ್ಮಾರು ಅಲ್ಲಿ ಒಳಗ ಇದಾರ್ರಿ. ಸೀದಾ ಅವರಿಗೇ ಹೇಳ್ರಿ."

"ಮತ್ತ ಅದನ್ನ ಹೇಳಾಕತ್ತೀನಲ್ಲ," ಎಂದ ದೊಡ್ಡಪ್ಪ ಮತ್ತೆ ಬಾಗಿದರು. "ಚಂದ್ರಕಲಾ, ನಿಮ್ಮವ್ವಗ ಹೇಳು, ಅಲುಗಾಡಬಾರದಂತ, ಸಾಹೇಬ್ರು ಹೇಳಾಕತ್ತಾರ ಅಂತ."

ಎರಡನೆಯ ಚಿತ್ರ ಬಂತು. ನೀರಿನಲ್ಲಿ ನೆನೆದ ಕಾಗದದ ಹಾಗೆ ಎಲ್ಲವೂ ಕಲಸಿಹೋಗಿತ್ತು. ಅಮೀನುದ್ದೀನ ಹಣೆ ತಿಕ್ಕಿಕೊಂಡು, ಇನ್ನೊಮ್ಮೆ ಹೇಳಿರಿ ಎಂದ. ದೊಡ್ಡಪ್ಪ ಇನ್ನೊಮ್ಮೆ ಹೇಳಿದರು, ಇನ್ನೂ ಜೋರಾಗಿ. ಚಿತ್ರ ಇನ್ನೂ ಕೆಟ್ಟಿತು. ಕೆಟ್ಟಷ್ಟೂ ನಾವು ಅವರಿಂದ ಹೇಳಿಸಿದೆವು, ಹೇಳಿಸಿದಷ್ಟೂ ಅದು ಕೆಟ್ಟಿತು. ಕೊನೆಗೆ ಯಂತ್ರ ನಿಲ್ಲಿಸಿ ಅವ್ವನನ್ನು ಹೊರಗೆ ತೆಗೆದರು.

"ಯಾಕವ್ವ ಅಲುಗಾಡ್ತಿ?"

"ನಾ ಎಲ್ಲಿ ಅಲುಗಾಡೀನಿ?"

"ಹೆದರಿಕಿ ಆತೇನು?"

"ಏನಿಲ್ಲ."

"ಮತ್ತ?"

ಅವ್ವ ನೆಲ ನೋಡಿದಳು. ದೊಡ್ಡಪ್ಪ ಬಾಗಿಲಲ್ಲಿದ್ದರು. ಅವರೆದುರು ಅವಳಿಂದ ಒಂದಕ್ಷರವೂ ಹೊರಡುವುದಿಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು, ಆದರೆ ಆ ಹೊತ್ತಿಗೆ ನನಗೆ ತಲೆ ಚಿಟ್ಟು ಹಿಡಿದಿತ್ತು.

ಅಮೀನುದ್ದೀನ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಚಿತ್ರ ನೆಟ್ಟಗೆ ಬಾರದೆ, ಗೋಡೆ ಎದ್ದು ಕಾಣಲೆಂದು ಚುಚ್ಚುವ ಬಣ್ಣದ ಇಂಜೆಕ್ಷನ್ ಕೊಡಲಾಗದು. ನಿದ್ದೆ ಬರಿಸಿ ತೆಗೆಯಲು ಅಲ್ಲಿ ಅದರ ವೈದ್ಯರಿಲ್ಲ. ಊಟದ ಹೊತ್ತಾದ ಮೇಲೆ ಇನ್ನೊಂದು ಸಲ ನೋಡೋಣ. ಆಗಲೂ ಆಗದಿದ್ದರೆ ಹೈದರಾಬಾದು, ಅಲ್ಲಿ ಯಾವಾಗ ಪಾಳಿ ಬರುತ್ತದೋ ದೇವರಿಗೇ ಗೊತ್ತು. ಅಷ್ಟರಲ್ಲಿ ಆ ನಾಳ ಕಾಯುತ್ತದೆಯೇ? ಈ ಪ್ರಶ್ನೆಯನ್ನು ಅವನು ಕೇಳಲಿಲ್ಲ, ನಾನೇ ಕೇಳಿಕೊಂಡೆ. ಮಾತು ಹೋದ ಅವ್ವ ಹೇಗಿರುತ್ತಾಳೆ ಎಂದು ನೆನೆಸಿಕೊಂಡೆ. ಬೆಕ್ಕು ಹಾಲು ಕುಡಿಯುತ್ತದೆ, ಅವ್ವ ಸುಮ್ಮನೆ ನೋಡುತ್ತಾಳೆ. ಕೈಯಲ್ಲಿದ್ದ ಊಟದ ಡಬ್ಬಿಯನ್ನು ತೆರೆಯಲೂ ಆಗಲಿಲ್ಲ ನನಗೆ.

ಎರಡನೆಯ ಸಲ ನಾನೇ ಒಳಗೆ ಹೋದೆ. ತಾಳಿ, ಓಲೆ, ಫೋನು ಎಲ್ಲ ತೆಗೆದಿಟ್ಟು, ಯಂತ್ರದ ಬಾಯಿಯ ಬಳಿ ಸ್ಟೂಲು ಹಾಕಿಕೊಂಡು ಅವ್ವನ ಪಾದ ಹಿಡಿದು ಕೂತೆ. ಟಕಟಕ ಶುರುವಾಯಿತು. ಅವ್ವ ನಿಜಕ್ಕೂ ಕಲ್ಲು. ಹೆಬ್ಬೆರಳು ಕೂಡ ಮಿಸುಕಲಿಲ್ಲ. ನನಗೇ ಆಶ್ಚರ್ಯವಾಯಿತು.

ಆಗ ಸ್ಪೀಕರಿನಲ್ಲಿ ದೊಡ್ಡಪ್ಪನ ದನಿ ಬಂತು. "ಚಂದ್ರಕಲಾ, ನಿಮ್ಮವ್ವಗ ಹೇಳು, ಚಂದ ನಡದದ ಅಂತ."

ನನ್ನ ಕೈಯೊಳಗಿನ ಪಾದ ಸರಕ್ಕನೆ ಒಳಗೆ ಹೋಯಿತು. ಎರಡೂ ಕಾಲು ಮಡಿಚಿಕೊಂಡವು. ಚಾದರ ಸರಿದಾಡಿತು. ಬಗ್ಗಿ ನೋಡಿದೆ. ಆ ಇಕ್ಕಟ್ಟಿನಲ್ಲಿ, ತಲೆಯ ಪಂಜರದೊಳಗೆ, ಅವ್ವನ ಕೈ ಬಿಳಿ ಚಾದರದ ಅಂಚು ಹುಡುಕಿ ತಲೆಯ ಮೇಲೆ ಎಳೆದುಕೊಳ್ಳಲು ಒದ್ದಾಡುತ್ತಿತ್ತು. ಇಡೀ ಭುಜ ಎದ್ದಿತ್ತು. ಅವಳು ಏಳಲು ನೋಡುತ್ತಿದ್ದಳು. ಭಾವ ಬಂದಾಗ ಏಳಬೇಕಲ್ಲ!

ತೊಂದರೆಯಾದರೆ ಒತ್ತಲೆಂದು ಕೊಟ್ಟಿದ್ದ ಗಂಟೆಯ ಬಲೂನು ಹಿಚುಕಿ ನಾನು ಯಂತ್ರ ನಿಲ್ಲಿಸಿದೆ. ಅವ್ವನನ್ನು ಹೊರಗೆಳೆದರು. ಬಾಗಿಲು ಹಾಕಿದ್ದರಿಂದ ಒಳಗೆ ನಾವಿಬ್ಬರೇ.

"ಸೆರಗು ಹೊದ್ಕೊಳ್ಳಾಕತ್ತಿದ್ದೇನವ್ವ? ಇದರೊಳಗ?"

"ಭಾವ ಮಾತಾಡಿದ್ರು."

"ಅವರು ಹೊರಗ ಇದಾರ!"

"ದನಿ ಇಲ್ಲಿ ತಲಿ ಮ್ಯಾಲ ಬರ್ತದಲ್ಲ. ಬರಿದಲಿಲೆ, ಕಾಲು ಚಾಚಿ ಮಲಗೀನಿ, ಮೈ ಮ್ಯಾಲ ಸೀರಿ ಇಲ್ಲ. ಗಾಜಿನ ಕಿಟಕಿ ಬ್ಯಾರೆ."

"ಬುದ್ಧನಂಗ ಮಲಗು ಅಂತ ಹೇಳಿದ್ದಿಲ್ಲೇನು ನಾ?"

"ಬುದ್ಧಗೇನವ್ವ?" ಅವ್ವ ನನಗಿಂತ ಸಿಟ್ಟಿನಿಂದ ಎಂದಳು. "ಅಂವನ ತಲಿ ಮ್ಯಾಲ ನಿಂತು ಭಾವ ಮಾತಾಡ್ತಾನೇನು?"

ನಾನು ಹಣೆ ಹಣೆ ಚಚ್ಚಿಕೊಂಡೆ. ಇದಕ್ಕೇನು ಹೇಳುವುದು? ಮಿದುಳಿನಲ್ಲಿ ನಾಳ ಕಟ್ಟುತ್ತಿದೆ, ಇವಳಿಗೆ ಸೆರಗಿನ ಚಿಂತೆ. ಬೆಳಗಿನಿಂದ ಧೈರ್ಯ ಹೇಳಿಸುತ್ತೇವೆಂದು ಅವಳ ಮೇಲೆ ನಾವೇ ಭಾವನನ್ನು ಛೂ ಬಿಟ್ಟಿದ್ದೆವು. ಸಿಟ್ಟು ಅವಳ ಮೇಲೋ ನನ್ನ ಮೇಲೋ ಅಮೀನುದ್ದೀನನ ಮೇಲೋ ತಿಳಿಯದೆ ದಡದಡ ಹೊರಗೆ ಬಂದು ಎಲ್ಲವನ್ನೂ ದೊಡ್ಡಪ್ಪನ ಮೇಲೆ ಸುರಿದೆ.

"ದೊಡ್ಡಪ್ಪ, ನಿಮ್ಮ ದನಿ ಕೇಳಿದ್ರ ಅವ್ವ ಏಳಾಕ ನೋಡ್ತಾಳ್ರಿ! ಚಾದರ ತಲಿ ಮ್ಯಾಲ ಎಳಕೋತಾಳ! ಚಿತ್ರ ಅದಕ್ಕ ಕೆಡಾಕತ್ತಾವ. ಸಾಕ್ರಿ ನಿಮ್ಮ ಮರ್ಯಾದಿ! ಎಷ್ಟ ವರ್ಷ ಆತು, ಒಂದ ಮನ್ಯಾಗ ಇದ್ದು ಒಬ್ಬರಿಗೊಬ್ಬರು ಒಂದ ಮಾತಾಡಿಲ್ಲ. ನಾಳೆ ಅಕಿ ಮಾತು ಹೋದ ಮ್ಯಾಲ ಏನು ಮಾಡ್ತೀರಿ?"

ಇಷ್ಟು ಜೋರಾಗಿ ನಾನು ಅವರೆದುರು ಎಂದೂ ಮಾತಾಡಿರಲಿಲ್ಲ. ಅಮೀನುದ್ದೀನ ಪರದೆ ನೋಡುವವನ ಹಾಗೆ ಆ ಕಡೆ ತಿರುಗಿದ. ದೊಡ್ಡಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಬೈದದ್ದಕ್ಕೆ ನನಗೆ ಆಗಲೇ ಸಂಕಟವಾಗುತ್ತಿತ್ತು.

"ನಾ ಸುಮ್ಮ ಇದ್ರ ಆಗಂಗಿಲ್ಲೇನು?" ಎಂದು ಮೆಲ್ಲಗೆ ಕೇಳಿದರು.

"ನೀವು ಇಲ್ಲಿ ಇದೀರಿ ಅಂತ ಅಕಿಗೆ ಗೊತ್ತದಲ್ಲ. ಯಾವಾಗ ಮಾತಾಡ್ತಾರೋ ಅಂತ ಕಾಯ್ಕೋತನ ಮಲಗಿರ್ತಾಳ."

ಅವರು ಅಮೀನುದ್ದೀನನ ಹತ್ತಿರ ಹೋದರು. "ಸಾಹೇಬ್ರ, ಆ ಮೈಕು ಇನ್ನೊಮ್ಮೆ ಕೊಡ್ರಿ."

ನಾನು ಬೇಡ ಎನ್ನುವಷ್ಟರಲ್ಲಿ ಅವನು ಗುಂಡಿ ಒತ್ತಿದ್ದ. ಅವ್ವನನ್ನು ಇನ್ನೂ ಯಂತ್ರದೊಳಗೆ ತಳ್ಳಿರಲಿಲ್ಲ. ಗಾಜಿನಾಚೆ ಅವಳು ಹಲಗೆಯ ಮೇಲೆ ಕೂತಿದ್ದಳು, ಚಾದರವನ್ನು ತಲೆಯ ತುಂಬ ಹೊದ್ದುಕೊಂಡು. ದೊಡ್ಡಪ್ಪ ಕಿಟಕಿಗೆ ಬೆನ್ನು ಮಾಡಿಯೇ ನಿಂತರು. ಈ ಸಲ ಕೂಗಲಿಲ್ಲ. ಪಡಸಾಲೆಯ ದನಿಯಲ್ಲೇ ಹೇಳಿದರು.

"ಅಮೃತಮ್ಮ."

ನನ್ನ ಜೀವಮಾನದಲ್ಲಿ ಅವರ ಬಾಯಲ್ಲಿ ಆ ಹೆಸರು ಕೇಳಿರಲಿಲ್ಲ. ಗಾಜಿನಾಚೆ ಬಿಳಿ ಚಾದರ ಅಲುಗದೆ ನಿಂತಿತು.

"ನಾ ಬಸವಂತ್ರಾಯ. ನೀ ಮನಿಗೆ ಬಂದಾಗಿಂದ ನಿನ್ನ ಸೆರಗು ಜಾರಿದ್ದು ನಾ ನೋಡಿಲ್ಲ. ಇವತ್ತೂ ನೋಡಂಗಿಲ್ಲ. ನಾ ಹೊರಗ ಹೊಂಟೀನಿ, ರಸ್ತಾ ದಾಟಿ ಆ ಕಡಿ ಕುಂಡ್ರತೀನಿ. ಇಲ್ಲಿ ಯಾರೂ ಇಲ್ಲ, ನಿನ್ನ ಮಗಳು ಅಷ್ಟ. ನೀ ಕಾಲು ಚಾಚಿ ಮಲಗು." ಕೈಯಲ್ಲಿದ್ದ ಟೋಪಿಯನ್ನು ಒಮ್ಮೆ ತಿರುವಿದರು. "ನಿನ್ನ ಮಾತು ಉಳೀಬೇಕವ್ವ. ಮುಂಜಾನೆದ್ದು ಆ ದನಿ ಕೇಳಲಿಲ್ಲಂದ್ರ, ರೊಟ್ಟಿ ಆದದ್ದು ನಂಗ ಹ್ಯಾಂಗ ಗೊತ್ತಾಗಬೇಕು?"

ಅಷ್ಟು ಹೇಳಿ ಟೋಪಿ ಇಟ್ಟುಕೊಂಡು ಬಾಗಿಲ ಕಡೆ ನಡೆದರು. ನಮ್ಮ ಕಡೆಯ ಸ್ಪೀಕರಿನಲ್ಲಿ ಏನೋ ಗರಗರ ಎಂದಿತು. ಆಮೇಲೆ ಅವ್ವನ ದನಿ. ಸಣ್ಣಗಿತ್ತು, ಆದರೆ ಸ್ಪಷ್ಟವಾಗಿತ್ತು.

"ಬಿಸಿಲಾಗ ಕುಂಡ್ರಬ್ಯಾಡ್ರಿ."

ದೊಡ್ಡಪ್ಪ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟವರು ಹಾಗೇ ನಿಂತರು. ತಿರುಗಲಿಲ್ಲ. "ಹೂಂ," ಎಂದು ಬಾಗಿಲಿಗೇ ಹೇಳಿ ಹೊರಗೆ ಹೋದರು. ನನಗೆ ಅಳು ಬಂತು, ಅದನ್ನು ಮುಚ್ಚಿಕೊಳ್ಳಲು ಅಮೀನುದ್ದೀನನಿಗೆ, "ಏನು ನೋಡಾಕತ್ತೀರಿ, ಶುರು ಮಾಡ್ರಿ" ಎಂದು ಗದರಿದೆ.

ಅವ್ವ ಮಲಗಿದಳು. ಕಾಲು ಚಾಚಿ, ತಲೆಯಿಂದ ಚಾದರ ಸರಿಸಿ, ಬೆಟ್ಟದ ಬುದ್ಧನ ಹಾಗೆಯೇ ಮಲಗಿದಳು. ಬಣ್ಣದ ಇಂಜೆಕ್ಷನ್ ಚುಚ್ಚಿದಾಗಲೂ ಮಿಸುಕಲಿಲ್ಲ. ಚಿತ್ರಗಳು ಒಂದರ ಹಿಂದೊಂದು ಬಂದವು, ಅಮೀನುದ್ದೀನ ಪ್ರತಿಯೊಂದಕ್ಕೂ "ಶಾಬಾಸ್" ಎನ್ನುತ್ತಿದ್ದ. ಮುಗಿಸಿ ಹೊರಗೆ ಬಂದಾಗ ದೊಡ್ಡಪ್ಪ ರಸ್ತೆಯಾಚೆ ಪಂಚರ್ ಅಂಗಡಿಯ ತಗಡಿನ ನೆರಳಿನಲ್ಲಿ ಮುದುರಿ ಕೂತಿದ್ದರು. ಬಿಸಿಲು ಕಾಲಿಗೆ ಬಂದ ಹಾಗೆಲ್ಲ ಒಳಕ್ಕೆ ಸರಿದು ಸರಿದು ಗೋಡೆಗೆ ಅಂಟಿಕೊಂಡಿದ್ದರು.

ಸಂಜೆ ಯಶೋಧರಾ ಪರದೆಯ ಮೇಲೆ ಬಿಳಿ ಉಂಗುರ ತೋರಿಸಿದರು. ಉಂಗುರ ಸುತ್ತಲೂ ಒಂದೇ ಸಮ ದಪ್ಪಗಾಗಿದ್ದರೆ ಬಾವು ಎಂಬ ಅನುಮಾನ ಬರುತ್ತಿತ್ತಂತೆ. ಇದು ಒಂದೇ ಮಗ್ಗುಲಿಗೆ ದಪ್ಪಗಾಗಿತ್ತು, ನಮ್ಮ ಕಡೆಯ ಬೋರಿನ ನೀರಿಗೆ ಪೈಪಿನ ಒಂದು ಬದಿ ಉಪ್ಪು ಕಟ್ಟಿದ ಹಾಗೆ. "ಕೊಬ್ಬು," ಎಂದರು. "ಜೋರು ಗುಳಿಗಿ ಬ್ಯಾಡ. ರಕ್ತ ತೆಳ್ಳಗ ಮಾಡೂದು, ಕೊಬ್ಬು ಇಳಿಸೂದು, ಸಕ್ಕರಿ ಹತೋಟಿಯಾಗ ಇಡೂದು. ದಿನಾ ತಪ್ಪದ ತಗೋಬೇಕು. ಮಾತಿನ ಮ್ಯಾಲ ಕಣ್ಣಿಡಬೇಕು. ಜರಾ ತೊದಲಿತಂದ್ರ ಆ ಕ್ಷಣ ಹೊಂಡಬೇಕು. ಯಾರು ನೋಡ್ಕೋತೀರಿ?"

"ಕೇಳ್ಕೋತೀನ್ರಿ," ಎಂದರು ಬಾಗಿಲ ಬಳಿಯಿಂದ ದೊಡ್ಡಪ್ಪ.

ಇಷ್ಟಾದ ಮೇಲೆ ನಮ್ಮ ಮನೆ ಬದಲಾಗಿರಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಬರುವಾಗ ಬಸ್ಸಿನಲ್ಲಿ ಮತ್ತೆ ಒಬ್ಬರು ಮುಂದೆ, ಒಬ್ಬರು ಹಿಂದೆ. ಮತ್ತೆ ಪ್ರತಿ ಸ್ಟಾಪಿನಲ್ಲೂ ನಿಮ್ಮವ್ವಗ ಕೇಳು, ದೊಡ್ಡಪ್ಪಗ ಹೇಳು. ಒಮ್ಮೆ ಆಡಿದ ಮಾತನ್ನು ಇಬ್ಬರೂ ಆ ಯಂತ್ರದ ಕೋಣೆಯಲ್ಲೇ ಬಿಟ್ಟು ಬಂದ ಹಾಗಿತ್ತು.

ಕೆಲವು ತಿಂಗಳು ಕಳೆದು ಒಂದು ಭಾನುವಾರ ಊರಿಗೆ ಹೋಗಿದ್ದೆ. ಸಪ್ನಾ ಹೊಲಕ್ಕೆ ಹೋಗಿದ್ದಳು. ದೊಡ್ಡಪ್ಪ ಹೊರಸಿನ ಮೇಲೆ, ನಾನು ಹೊಸ್ತಿಲ ಬಳಿ ಕೂತು ಮಕ್ಕಳ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಒಳಗಿನಿಂದ ಅವ್ವ ಕೂಗಿದಳು.

"ಚಂದ್ರಕಲಾ, ದೊಡ್ಡಪ್ಪಗ ಹೇಳು, ಗುಳಿಗಿ ತಗೊಂಡೀನಿ, ರೊಟ್ಟಿನೂ ಆಗ್ಯಾವ ಅಂತ."

"ನಾ ಹೇಳಂಗಿಲ್ಲ," ಎಂದೆ. ಸಾಕಾಗಿತ್ತು ನನಗೆ. "ಇಲ್ಲೇ ಕುಂತಾರ. ಬೇಕಾದ್ರ ನೀನ ಹೇಳು."

ಅಡುಗೆಮನೆಯಲ್ಲಿ ಸದ್ದು ನಿಂತಿತು. ನಾನೂ ಪೆನ್ನು ಕೆಳಗಿಟ್ಟು ಹಟಕ್ಕೆ ಬಿದ್ದು ಕೂತೆ. ದೊಡ್ಡಪ್ಪನ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ಆ ಮಾತನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿದ್ದರು. ಒಂದೊಂದೇ ಅಕ್ಷರ ಸರಿಯಿದೆಯೇ, ಎಲ್ಲಾದರೂ ತಡವರಿಸಿತೇ ಎಂದು. ದಿನಾ ಹೀಗೇ ಕೇಳುತ್ತಾರೆಂದು ಸಪ್ನಾ ಹೇಳಿದ್ದಳು, ನಾನು ಕಂಡದ್ದು ಅಂದೇ. ಆಮೇಲೆ ಅವರು ಕಣ್ಣು ತೆರೆದರು. ಮುಖ ಹಗುರಾಗಿತ್ತು.

"ಚಂದ್ರಕಲಾ," ಎಂದರು, "ನಿಮ್ಮವ್ವಗ ಹೇಳು, ಚಂದ ಕೇಳ್ತು ಅಂತ."

ನಾನು ಎದ್ದು ಒಳಗೆ ಹೋಗಿ ಹೇಳಿದೆ.